ಡಿಜೆ ರೇಟ್ ಹೇಳುವ ಮುಂಚೆ ದಾರಿ ಕೇಳಿ: ಕೊಡಗಿನ ಫಂಕ್ಷನ್‌ಗಳಿಗೆ ದರ ಕಟ್ಟುವ ಲೆಕ್ಕ

ಮೊದಲ ವರ್ಷ ಫೋನ್ ಬಂದರೆ ನಾನು ಕೇಳುತ್ತಿದ್ದುದು ಎರಡೇ ಮಾತು: ಯಾವತ್ತು, ಯಾವ ಊರು. ಆಮೇಲೆ ಬಾಯಿಗೆ ಬಂದ ರೇಟ್ ಹೇಳಿಬಿಡುತ್ತಿದ್ದೆ. ಹಾಗೆ 7,000ಕ್ಕೆ ಒಪ್ಪಿಕೊಂಡ ಒಂದು ಐವತ್ತನೇ ಹುಟ್ಟುಹಬ್ಬ ನಾಪೋಕ್ಲು ಕಡೆ ಇತ್ತು. ಫಂಕ್ಷನ್ ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲಮನೆಯಲ್ಲಿ. ಐನ್‌ಮನೆಗೆ ಹೋಗುವ ಓಣಿ ಗೊತ್ತಲ್ಲ, ಎರಡೂ ಕಡೆ ಮಣ್ಣಿನ ಬರೆ, ನಡುವೆ ಒಂದು ಜೀಪ್ ನುಸುಳುವಷ್ಟು ಜಾಗ. ಸಾಮಾನು ತುಂಬಿದ ಪಿಕಪ್ ಓಣಿಯ ಬಾಯಲ್ಲೇ ನಿಂತಿತು. ಅಲ್ಲಿಂದ ಅಂಗಳದವರೆಗೆ ಬೇಸ್ ಬಾಕ್ಸ್, ಟಾಪ್ (ಬೇಸ್‌ನ ಜೊತೆಗಿಡುವ ಮೇಲಿನ ಸ್ಪೀಕರ್), ಆಂಪ್ಲಿಫೈಯರ್, ಲೈಟ್ ಸ್ಟ್ಯಾಂಡ್ ಎಲ್ಲವನ್ನೂ ಹೊತ್ತೆವು. ಎಂಟು ಗಂಟೆಗೆ ಕರೆಂಟ್ ಹೋಯಿತು. ಜನರೇಟರ್ ತರುವ ಮಾತೇ ಆಗಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂಬತ್ತೂವರೆಗೆ ಕರೆಂಟ್ ಬಂದಾಗ ಅರ್ಧ ಜನ ಊಟಕ್ಕೆ ಕೂತಿದ್ದರು. ಮನೆಯವರು 5,000 ಕೈಗಿಟ್ಟು, ‘ಇಷ್ಟಕ್ಕೆ ಇದೇ ಜಾಸ್ತಿ’ ಅಂದರು. ಗಾಡಿಗೆ 2,500, ಹುಡುಗರಿಬ್ಬರಿಗೆ 2,000, ದಾರಿಯ ಚಹಾಕ್ಕೆ ನೂರು. ನನಗೆ ಉಳಿದದ್ದು 400 ರೂಪಾಯಿ ಮತ್ತು ಮೂರು ದಿನದ ಬೆನ್ನುನೋವು.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ನಷ್ಟವಾದ ಫಂಕ್ಷನ್‌ಗಳನ್ನೆಲ್ಲ ತಿರುವಿ ನೋಡಿದರೆ ಒಂದರಲ್ಲೂ ಹಾಡಿನಿಂದ ನಷ್ಟವಾಗಿಲ್ಲ. ದಾರಿ, ಕರೆಂಟು, ಕಾಯುವ ಹೊತ್ತು, ಈ ಮೂರರಲ್ಲೇ ದುಡ್ಡು ಹೋಗಿದೆ. ಬೆಂಗಳೂರಿನ ಡಿಜೆಗಳ ರೇಟ್ ಕಾರ್ಡ್ ತಂದು ಇಲ್ಲಿ ಅಂಟಿಸಿದರೆ ನಡೆಯದಿರುವುದು ಇದಕ್ಕೇ. ಹೊಸದಾಗಿ ಸೆಟ್ ಕೊಂಡು ಫೀಲ್ಡಿಗೆ ಇಳಿಯುವ ಹುಡುಗರು ಮೊದಲ ಸೀಸನ್ನಿಗೆ ಮುಂಚೆ ಈ ಲೆಕ್ಕ ಮಾಡಿಟ್ಟುಕೊಳ್ಳಲಿ ಅಂತ ಬರೆಯುತ್ತಿದ್ದೇನೆ. ಇಲ್ಲಿ ಕೊಡುವ ಅಂಕಿಗಳೆಲ್ಲ ಉದಾಹರಣೆಗೆ ಹಿಡಿದವು. ನಿಮ್ಮ ಸೆಟ್ಟಿನ ಬೆಲೆ, ನಿಮ್ಮ ಊರಿನ ಗಾಡಿ ಬಾಡಿಗೆ ಹಾಕಿಕೊಂಡು ನೀವೇ ಮಾಡಿ.

ಮೊದಲು ಗಂಟೆ ಎಣಿಸಿ

ಗಿರಾಕಿಯ ಕಣ್ಣಿಗೆ ನಿಮ್ಮ ಕೆಲಸ ಸಂಜೆ ಆರರಿಂದ ಹತ್ತರವರೆಗೆ, ನಾಲ್ಕು ಗಂಟೆ. ನಿಮ್ಮ ಲೆಕ್ಕ ಮಧ್ಯಾಹ್ನ ಒಂದಕ್ಕೆ ಗೋಡೌನ್ ಬಾಗಿಲು ತೆಗೆದಾಗ ಶುರು. ಲೋಡ್ ಮಾಡಬೇಕು, ಹೋಗಬೇಕು, ಇಳಿಸಬೇಕು, ವೈರಿಂಗ್ ಮಾಡಬೇಕು, ಮೈಕ್ ಚೆಕ್ ಮಾಡಬೇಕು. ಹತ್ತಕ್ಕೆ ನಿಲ್ಲಿಸಿದರೂ ಕೇಬಲ್ ಸುತ್ತಿ ಗಾಡಿಗೆ ಹೇರುವಾಗ ಹನ್ನೊಂದೂವರೆ. ಮನೆ ಸೇರಿದಾಗ ಒಂದು. ಹನ್ನೆರಡು ಗಂಟೆ ಆಯಿತು. ನಿಮ್ಮ ಕೂಲಿ ಅಂತ 3,000 ಇಟ್ಟುಕೊಂಡರೆ ಗಂಟೆಗೆ 250 ರೂಪಾಯಿ ಬೀಳುತ್ತದೆ. ಇದರಲ್ಲಿ ಹಾಡಿನ ಪಟ್ಟಿ ಮಾಡಿದ್ದು, ಮದುಮಗಳ ತಂಗಿ ರಾತ್ರಿ ಹನ್ನೊಂದಕ್ಕೆ ಕಳಿಸುವ ವಾಯ್ಸ್ ಮೆಸೇಜ್ ಕೇಳಿದ್ದು ಸೇರಿಲ್ಲ.

ಸೆಟ್ ಸವೆಯುವುದಕ್ಕೂ ಬೆಲೆ ಇದೆ

ಹೊಸಬರು ಬಿಟ್ಟುಬಿಡುವ ಲೆಕ್ಕ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕನ್ಸೋಲ್, ಲ್ಯಾಪ್‌ಟಾಪ್, ಎರಡು ಟಾಪ್, ಎರಡು ಬೇಸ್, ಕಾರ್ಡ್‌ಲೆಸ್ ಮೈಕ್, ಲೈಟು, ಕೇಬಲ್ ಎಲ್ಲ ಸೇರಿ 4,80,000 ರೂಪಾಯಿ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಐದು ವರ್ಷ ಬಾಳುತ್ತದೆ, ವರ್ಷಕ್ಕೆ 40 ಫಂಕ್ಷನ್ ಸಿಗುತ್ತದೆ ಅಂತ ಹಿಡಿದರೆ ಒಟ್ಟು 200 ಫಂಕ್ಷನ್. ಭಾಗಿಸಿದರೆ ಒಂದಕ್ಕೆ 2,400. ನೀವು ಪ್ರತಿ ಸಲ ಸೆಟ್ ಆನ್ ಮಾಡಿದಾಗಲೂ ಈ 2,400 ಸದ್ದಿಲ್ಲದೆ ಕರಗುತ್ತದೆ. ರಿಪೇರಿಗೆ ಅಂತ 500 ಬೇರೆ ತೆಗೆದಿಡಿ. ನಮ್ಮ ಮಳೆಗಾಲದಲ್ಲಿ ಸ್ಪೀಕರಿನ ಕೋನ್‌ಗೆ ಬೂಷ್ಟು ಹಿಡಿಯುತ್ತದೆ, ಕನೆಕ್ಟರ್ ಕಿಲುಬು ಹಿಡಿಯುತ್ತದೆ. ಬಯಲುಸೀಮೆಯವರು ಐದು ವರ್ಷ ಹಿಡಿಯುವ ಸಾಮಾನಿಗೆ ನಾವು ನಾಲ್ಕೇ ಹಿಡಿದರೂ ತಪ್ಪಿಲ್ಲ.

ಗೋಡೌನ್ ಬಾಡಿಗೆ, ಫೋನು, ಸಾಫ್ಟ್‌ವೇರ್ ಚಂದಾ, ಇನ್ಶೂರೆನ್ಸ್ ಇಂಥವು ಫಂಕ್ಷನ್ ಇದ್ದರೂ ಇಲ್ಲದಿದ್ದರೂ ಕಟ್ಟುವ ಖರ್ಚು. ವರ್ಷಕ್ಕೆ 48,000 ಆದರೆ ಒಂದು ಫಂಕ್ಷನ್ನಿಗೆ 1,200.

ಈಗ ಕೂಡಿಸಿ. ಸವಕಳಿ 2,400, ರಿಪೇರಿ 500, ವರ್ಷದ ಖರ್ಚಿನ ಪಾಲು 1,200, ಪಿಕಪ್ 2,500, ಇಬ್ಬರು ಹುಡುಗರಿಗೆ 2,000, ನಿಮ್ಮ ಕೂಲಿ 3,000. ಒಟ್ಟು 11,600. ಅದರ ಮೇಲೆ ಲಾಭಕ್ಕೂ ಹೇಳದೆ ಬರುವ ಖರ್ಚಿಗೂ ಸೇರಿಸಿ ನೂರಕ್ಕೆ 15 ಹಾಕಿದರೆ 1,740. ಎಲ್ಲ ಸೇರಿ 13,340, ರೌಂಡ್ ಮಾಡಿ 13,500 ಅನ್ನಿ. ಸಾಧಾರಣ ಹಾಲ್ ಫಂಕ್ಷನ್ನಿಗೆ ಇದು ನಿಮ್ಮ ದರ. 11,600 ನಿಮ್ಮ ತಳ.

ಪಕ್ಕದೂರಿನ ಹುಡುಗ 8,000ಕ್ಕೆ ಬರುತ್ತಾನಂತೆ ಅಂತ ಗಿರಾಕಿ ಹೇಳುತ್ತಾರೆ. ಬರುತ್ತಾನೆ, ನಾನೂ ಬರುತ್ತಿದ್ದೆ. ಗಾಡಿಗೂ ಹುಡುಗರಿಗೂ 4,500 ಕೊಟ್ಟ ಮೇಲೆ ಅವನ ಜೇಬಿನಲ್ಲಿ 3,500 ಕಾಣುತ್ತದೆ, ಖುಷಿಯಾಗುತ್ತದೆ. ಸವಕಳಿ, ರಿಪೇರಿ, ವರ್ಷದ ಖರ್ಚು ಸೇರಿ 4,100 ಆಗಲೇ ಹೋಗಿದೆ. ಅಂದರೆ ಹನ್ನೆರಡು ಗಂಟೆ ದುಡಿದು, ಕೂಲಿಯೂ ಇಲ್ಲದೆ, ಕೈಯಿಂದ 600 ಹಾಕಿ ಬಂದಿದ್ದಾನೆ. ಮೂರನೇ ವರ್ಷ ಬೇಸ್ ಸುಟ್ಟಾಗ ಹೊಸದು ಕೊಳ್ಳಲು ದುಡ್ಡು ಇರುವುದಿಲ್ಲ. ಆಗ ಸೆಟ್ ಮಾರಲಿಕ್ಕಿದೆ ಅಂತ ಸ್ಟೇಟಸ್ ಹಾಕುತ್ತಾನೆ. ಸೆಕೆಂಡ್ ಹ್ಯಾಂಡ್ ಟಾಪ್ ನಾನು ಕೊಂಡದ್ದು ಅಂಥ ಒಬ್ಬನಿಂದಲೇ.

ದಾರಿಗೆ ಬೇರೆ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ಕಿಲೋಮೀಟರ್ ನಂಬಿದರೆ ಕೆಟ್ಟೆವು. ಮಡಿಕೇರಿಯಿಂದ ಕುಶಾಲನಗರಕ್ಕೂ ಸುಮಾರು 30 ಕಿ.ಮೀ., ಮೂರ್ನಾಡು ಮೇಲಾಗಿ ವಿರಾಜಪೇಟೆಗೂ ಸುಮಾರು 30 ಕಿ.ಮೀ. ಸಾಮಾನು ಹೇರಿದ ಗಾಡಿಗೆ ಎರಡೂ ಒಂದೇ ಅಲ್ಲ. ಹಾಗಾಗಿ ನಾನು ಜಿಲ್ಲೆಯನ್ನು ಮೂರು ಸುತ್ತು ಮಾಡಿಟ್ಟಿದ್ದೇನೆ. ನನ್ನ ಗೋಡೌನ್ ಸುಂಟಿಕೊಪ್ಪದಲ್ಲಿ. ಮಡಿಕೇರಿ, ಕುಶಾಲನಗರ ಮೊದಲ ಸುತ್ತು, ಮೇಲಿನ ರೇಟಿನಲ್ಲೇ ಬರುತ್ತದೆ. ಸೋಮವಾರಪೇಟೆ, ಸಿದ್ದಾಪುರ, ವಿರಾಜಪೇಟೆ, ನಾಪೋಕ್ಲು ಎರಡನೇ ಸುತ್ತು, 1,500 ಜಾಸ್ತಿ. ಕುಟ್ಟ, ಶ್ರೀಮಂಗಲ, ಭಾಗಮಂಡಲ, ಶನಿವಾರಸಂತೆ ಮೂರನೆಯದು, 3,000 ಜಾಸ್ತಿ. ಪ್ರತಿ ಸಲ ಗೂಗಲ್ ಮ್ಯಾಪ್ ತೆಗೆದು ಡೀಸೆಲ್ ಎಣಿಸುತ್ತಾ ಕೂರುವ ಬದಲು ಇಂಥದ್ದೊಂದು ಪಟ್ಟಿ ಇದ್ದರೆ ಫೋನಿನಲ್ಲೇ ಹೇಳಬಹುದು.

ಮೇನ್ ರೋಡ್ ಬಿಟ್ಟ ಮೇಲಿನ ಕೊನೆಯ ಎರಡು ಕಿಲೋಮೀಟರ್ ಬಗ್ಗೆ ಮಾತ್ರ ಕೇಳದೆ ಬಿಡಬೇಡಿ. ಪಿಕಪ್ ಅಂಗಳದವರೆಗೆ ಬರುತ್ತದಾ? ಇಲ್ಲದಿದ್ದರೆ ಎಷ್ಟು ದೂರ ಹೊರಬೇಕು? ಮೆಟ್ಟಿಲು ಇದೆಯಾ? ಹೋಂಸ್ಟೇಯವರು ‘ಗಾಡಿ ಆರಾಮಾಗಿ ಬರುತ್ತೆ’ ಅಂದರೆ ಅವರ ಮನಸ್ಸಿನಲ್ಲಿರುವುದು ಜೀಪ್. ಯಾವ ಗಾಡಿ ಅಂತ ಬಿಡಿಸಿ ಕೇಳಿ, ಆಗದಿದ್ದರೆ ವಾಟ್ಸ್ಆ್ಯಪಿನಲ್ಲಿ ದಾರಿಯ ಒಂದು ವಿಡಿಯೋ ತರಿಸಿ. ಜೀಪಿಗೆ ಬದಲಿಸಿ ಹೇರಬೇಕಾದರೆ ಜೀಪಿನ ಬಾಡಿಗೆ ಗಿರಾಕಿಯದು, ಹೊರಬೇಕಾದರೆ ಇನ್ನೊಬ್ಬ ಹುಡುಗನ ಸಂಬಳ ರೇಟಿಗೆ ಸೇರುತ್ತದೆ. ನೆನಪಿಡಿ, ಬೇಸ್ ಬಾಕ್ಸ್ ಒಂದಕ್ಕೆ ಇಬ್ಬರು ಬೇಕು.

ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯ ತೋಟಗಳಾದರೆ ರಾತ್ರಿ ಆನೆಯದ್ದೊಂದು ಪ್ರಶ್ನೆ ಇದ್ದೇ ಇದೆ. ಅಂಥ ಕಡೆ ನಾನು ರಾತ್ರಿ ಹೊರಡುವುದಿಲ್ಲ. ಮೂವರಿಗೆ ಮಲಗಲು ಒಂದು ಕೋಣೆ, ಬೆಳಿಗ್ಗೆ ಹೊರಡುವಾಗ ಚಹಾ ಇಷ್ಟನ್ನು ಮೊದಲೇ ಕೇಳಿ ಪಡೆಯುತ್ತೇನೆ. ಗಾಡಿಯವನಿಗೆ ರಾತ್ರಿ ಭತ್ಯೆ 500 ಬರೆದುಕೊಳ್ಳುತ್ತೇನೆ. ಇದಕ್ಕೆ ತೋಟದವರು ಯಾರೂ ಬೇಡ ಅಂದದ್ದಿಲ್ಲ. ಆನೆ ವಿಷಯ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕರೆಂಟು ಯಾರದ್ದು?

ರೇಟ್ ಹೇಳುವಾಗಲೇ ‘ಜನರೇಟರ್ ನಿಮ್ಮದು’ ಅಂತ ಒಂದು ಸಾಲು ಇರಲಿ. ಹಾಲ್‌ಗಳಲ್ಲಿ ಹೆಚ್ಚಾಗಿ ಇರುತ್ತದೆ. ಆದರೆ ಅದು ಲೈಟು ಫ್ಯಾನಿಗೆ ಸಾಕಾಗುವಷ್ಟೇ ಇದ್ದು, ಬೇಸ್ ಹೊಡೆದ ಕೂಡಲೇ ಮುಗ್ಗರಿಸುವುದೂ ಉಂಟು. ಎಷ್ಟು ಕೆವಿಎ, ಅಂದರೆ ಜನರೇಟರಿನ ತಾಕತ್ತು ಎಷ್ಟು ಅಂತ ಕೇಳಿ. ಮನೆ ಫಂಕ್ಷನ್ ಆದರೆ ಸಂಜೆ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಅಂತಲೂ ಕೇಳಿ. ನೀವೇ ತರುವುದಾದರೆ ಬಾಡಿಗೆ, ಡೀಸೆಲ್, ಅದನ್ನು ಎಳೆದು ತರುವ ಗಾಡಿ ಈ ಮೂರನ್ನೂ ಬೇರೆ ಸಾಲಿನಲ್ಲಿ ತೋರಿಸಿ. ನಿಮ್ಮ ರೇಟಿನೊಳಗೆ ಮುಚ್ಚಿಟ್ಟರೆ ನೀವು ದುಬಾರಿ ಅನ್ನಿಸಿಕೊಳ್ಳುತ್ತೀರಿ. ಕನ್ಸೋಲಿಗೂ ಲ್ಯಾಪ್‌ಟಾಪಿಗೂ ಚಿಕ್ಕದೊಂದು ಯುಪಿಎಸ್ ಮಾತ್ರ ನಿಮ್ಮದೇ ಇರಲಿ.

ವಾಲಗ ಮುಗಿಯುವವರೆಗೆ

ಕೊಡವ ಮದುವೆಗೆ ಹೋದವರಿಗೆ ಇದು ಗೊತ್ತು. ಹೊರಗಿನಿಂದ ಬಂದ ಡಿಜೆಗಳು ಇಲ್ಲೇ ಎಡವುತ್ತಾರೆ. ಕಾರ್ಡಿನಲ್ಲಿ ಬರೆದ ಹೊತ್ತು ಒಂದು, ಗಂಗಾಪೂಜೆ ಮುಗಿಯುವ ಹೊತ್ತು ಇನ್ನೊಂದು. ಮದುಮಗಳು ನೀರಿನ ಬಿಂದಿಗೆ ಹೊತ್ತು ಬರುವಾಗ ಗಂಡಿನ ಕಡೆಯವರು ಎದುರು ನಿಂತು ವಾಲಗಕ್ಕೆ ಕುಣಿಯುತ್ತಾರೆ, ದಾರಿ ಬಿಡುವುದಿಲ್ಲ. ಅದು ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆ ದಾಟಲೂಬಹುದು. ಆಗ ಡಿಜೆ ಸುಮ್ಮನಿರಬೇಕು. ವಾಲಗದ ಮೇಲೆ ಸ್ಪೀಕರ್ ಹಚ್ಚಿದರೆ ಹಿರಿಯರು ಒಂದು ನೋಟ ನೋಡುತ್ತಾರೆ, ಆ ಮನೆಯಿಂದ ಮತ್ತೆ ಫೋನ್ ಬರುವುದಿಲ್ಲ.

ಹಾಗಾಗಿ ಮದುವೆ ರೇಟನ್ನು ‘ನಾಲ್ಕು ಗಂಟೆ’ ಅಂತ ಮಾರಬೇಡಿ. ‘ಸಂಜೆ ಐದಕ್ಕೆ ರೆಡಿ, ರಾತ್ರಿ ಹತ್ತರವರೆಗೆ ನಿಮ್ಮದು, ಅದರೊಳಗೆ ಯಾವಾಗ ಬೇಕೋ ಹೇಳಿ’ ಅಂತ ಮಾರಿ. ಕಾಯುವ ಹೊತ್ತು ಅದರೊಳಗೇ ಬಂತು. ಐದರ ಮುಂಚೆ, ಮಧ್ಯಾಹ್ನ ಊಟದ ಹೊತ್ತಿಗೂ ಮೆಲ್ಲಗೆ ಹಾಡು ಬೇಕು ಅಂದರೆ ಗಂಟೆಗೆ 1,000. ಹುಟ್ಟುಹಬ್ಬ, ಆನಿವರ್ಸರಿ, ಗೃಹಪ್ರವೇಶದ ಪಾರ್ಟಿಗಳಿಗೆ ಈ ತಲೆನೋವಿಲ್ಲ, ಅಲ್ಲಿ ಗಂಟೆ ಲೆಕ್ಕವೇ ಸಲೀಸು.

ಹತ್ತು ಗಂಟೆಯ ಗೆರೆ

‘ಇನ್ನೊಂದು ಗಂಟೆ ಹಾಕಪ್ಪಾ, 5,000 ಎಕ್ಸ್‌ಟ್ರಾ ಕೊಡ್ತೇನೆ’ ಅಂತ ರಾತ್ರಿ ಹತ್ತಕ್ಕೆ ಬರುವ ಆಫರ್ ಎಲ್ಲ ಡಿಜೆಗಳಿಗೂ ಗೊತ್ತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಹಾಲ್‌ಗಳಿಗೆ ವಿನಾಯಿತಿ ಇದೆ, ಆದರೆ ಸದ್ದು ಹೊರಗೆ ಮಿತಿ ದಾಟಬಾರದು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ನಮ್ಮ ಬೆಟ್ಟಗಳ ನಡುವೆ ಬೇಸ್ ಸದ್ದು ಒಂದು ಗುಡ್ಡ ದಾಟಿ ಇನ್ನೊಂದು ಗುಡ್ಡದ ಮನೆಯ ಕಿಟಕಿ ಅಲ್ಲಾಡಿಸುತ್ತದೆ. ದೂರು ಬಂದರೆ ಜಪ್ತಿಯಾಗುವುದು ಗಿರಾಕಿಯ ಸೋಫಾ ಅಲ್ಲ, ನಿಮ್ಮ ಸೆಟ್. 4,80,000ದ ಸಾಮಾನನ್ನು 5,000ಕ್ಕೆ ಪಣ ಇಟ್ಟಂತೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಹತ್ತರ ನಂತರಕ್ಕೆ ರೇಟೇ ಇಲ್ಲ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ತರುವ ಹೊಣೆ ಫಂಕ್ಷನ್ ಮಾಡುವವರದು ಅಂತಲೂ ಬರೆದು ಕಳಿಸುತ್ತೇನೆ, ಅದರ ಒಂದು ಫೋಟೋ ತರಿಸಿಕೊಳ್ಳುತ್ತೇನೆ.

ಹಾಡಿನ ಲೈಸೆನ್ಸ್ ಬಗ್ಗೆ ಎರಡೇ ಮಾತು. 1957ರ ಕಾಪಿರೈಟ್ ಕಾಯ್ದೆಯ 52(1)(ಜಡ್‌ಎ) ಕಲಮು ಮದುವೆ ಮೆರವಣಿಗೆಗೂ ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೂ ವಿನಾಯಿತಿ ಕೊಡುತ್ತದೆ. ಕಂಪನಿ ಪಾರ್ಟಿ, ರೆಸಾರ್ಟಿನ ನ್ಯೂ ಇಯರ್ ಇಂಥವು ಅದರೊಳಗೆ ಬರುವುದಿಲ್ಲ. ಅಲ್ಲಿ ಲೈಸೆನ್ಸ್ ಯಾರು ಮಾಡಿಸುತ್ತಾರೆ ಅಂತ ರೆಸಾರ್ಟಿನವರಿಂದ ಬರವಣಿಗೆಯಲ್ಲೇ ಪಡೆಯಿರಿ.

ಚಿಕ್ಕದು, ನಡುವಿನದು, ದೊಡ್ಡದು

ಮೂರಕ್ಕಿಂತ ಹೆಚ್ಚು ಪ್ಯಾಕೇಜ್ ಮಾಡಿದರೆ ಗಿರಾಕಿಗೂ ಗಲಿಬಿಲಿ, ನಿಮಗೂ ಗಲಿಬಿಲಿ. ಹಾಲಿಗೆ ನಡುವಿನದು ಆಗಲೇ ಲೆಕ್ಕ ಹಾಕಿದೆವು.

ಹೋಂಸ್ಟೇ ಅಂಗಳದ 50–60 ಜನರ ಪಾರ್ಟಿಗೆ ಎರಡು ಟಾಪ್, ಒಂದು ಬೇಸ್, ನಾಲ್ಕು ಲೈಟು ಸಾಕು. ಓಮ್ನಿಯಲ್ಲಿ ಹೋಗಬಹುದು, ಒಬ್ಬ ಹುಡುಗ ಸಾಕು. ಗಾಡಿ 1,200, ಹುಡುಗ 1,000, ಸವಕಳಿ 1,200, ರಿಪೇರಿ 300, ವರ್ಷದ ಪಾಲು 1,200, ಕೂಲಿ 3,000, ಒಟ್ಟು 7,900. ಮೇಲೆ ನೂರಕ್ಕೆ 15 ಸೇರಿದರೆ ಹತ್ತಿರ ಹತ್ತಿರ 9,000. ಕೂಲಿ ಇಳಿಯಲಿಲ್ಲ ಅನ್ನುವುದನ್ನು ಗಮನಿಸಿ. ಪಾರ್ಟಿ ಚಿಕ್ಕದಾದರೂ ಆ ರಾತ್ರಿ ನಿಮ್ಮದೇ. ‘ಸಣ್ಣ ಪಾರ್ಟಿ ಅಣ್ಣಾ, 4,000ಕ್ಕೆ ಮಾಡಿ’ ಅನ್ನುವವರಿಗೆ ನಾನು ಒಂದು ಒಳ್ಳೆಯ ಬ್ಲೂಟೂತ್ ಸ್ಪೀಕರಿನ ಹೆಸರು ಹೇಳುತ್ತೇನೆ. ತಮಾಷೆಗಲ್ಲ, ನಿಜವಾಗಿ ಅವರಿಗೆ ಅದೇ ಸಾಕು.

ಮೈದಾನದ 500 ಜನರ ಫಂಕ್ಷನ್ನಿಗೆ ಸ್ವಂತ ಸೆಟ್ ಕೊಳ್ಳುವ ಆಸೆ ಬೇಡ. ಸೌಂಡ್ಸ್‌ನವರಿಂದ ಬಾಡಿಗೆಗೆ ತನ್ನಿ. ಅವರ ಬಿಲ್ಲು, ಅದರ ಮೇಲೆ ನಿಮ್ಮ ಹೊಣೆಗಾರಿಕೆಗೆ ನೂರಕ್ಕೆ 10–15, ಆಮೇಲೆ ನಿಮ್ಮ ಕನ್ಸೋಲ್ ಮತ್ತು ಕೂಲಿ. ಮಡಿಕೇರಿ ದಸರಾ ಹೊತ್ತಿಗೆ ಮಾತ್ರ ಈ ದಾರಿ ನಂಬಬೇಡಿ. ಮೆರವಣಿಗೆಯ ಹತ್ತು ಮಂಟಪಗಳಿಗೆ ಸೌಂಡು, ಲೈಟು ಹೋಗುವ ದಿನ ನಿಮಗೆ ಒಂದು ಬೇಸ್ ಬಾಕ್ಸ್ ಸಿಕ್ಕರೆ ಅದೃಷ್ಟ.

ಸೀಸನ್

ಏಪ್ರಿಲ್, ಮೇ ತಿಂಗಳ ಒಳ್ಳೆಯ ಮುಹೂರ್ತಗಳಿಗೆ ಡಿಸ್ಕೌಂಟ್ ಕೊಡುವ ಅಗತ್ಯವೇ ಇಲ್ಲ. ಒಂದೇ ದಿನಕ್ಕೆ ಮೂರು ಫೋನ್ ಬರುತ್ತದೆ. ಡಿಸೆಂಬರ್ 31ಕ್ಕೆ ಮಾಮೂಲಿ ರೇಟಿನ ಒಂದೂವರೆ ಪಟ್ಟು ಕೇಳುವುದರಲ್ಲಿ ನನಗೆ ಸಂಕೋಚವಿಲ್ಲ, ಆ ರಾತ್ರಿ ಹುಡುಗರೂ ಡಬಲ್ ಕೇಳುತ್ತಾರೆ. ಜೂನ್ ಮಳೆ ಹಿಡಿದ ಮೇಲೆ, ಅದರಲ್ಲೂ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ), ಕೆಲಸ ಕಡಿಮೆ. ಆಗ ರೇಟ್ ಇಳಿಸಿದರೆ ಗಿರಾಕಿ ಬರುತ್ತಾರಾ? ನನ್ನ ಅನುಭವದಲ್ಲಿ ಇಲ್ಲ. ಮಳೆಗೆ ಹೆದರಿ ಫಂಕ್ಷನ್ ಇಡದವರು ರೇಟ್ ನೋಡಿ ಇಡುವುದಿಲ್ಲ. ಸಾಮಾನಿಗೆ ಟಾರ್ಪಾಲ್, ನೀರು ತಾಗಿದರೆ ರಿಪೇರಿ ಅಂತ ಖರ್ಚು ಏರುವ ತಿಂಗಳು ಅದು. ತಳಕ್ಕಿಂತ ಕೆಳಗೆ ಇಳಿಯಬೇಡಿ.

ಫೋನಿನಲ್ಲಿ ಮಾತು

‘ರೇಟ್ ಎಷ್ಟಾಗುತ್ತೆ?’ ಅಂದ ತಕ್ಷಣ ಅಂಕಿ ಹೇಳಬೇಡಿ. ತಾರೀಕು, ಜಾಗ, ಎಷ್ಟು ಜನ, ಒಳಗೋ ಹೊರಗೋ, ಗಾಡಿ ಎಲ್ಲಿವರೆಗೆ, ಜನರೇಟರ್ ಇದೆಯಾ ಇಷ್ಟನ್ನು ಕೇಳಿ, ‘ಅರ್ಧ ಗಂಟೆಯಲ್ಲಿ ಮೆಸೇಜ್ ಹಾಕ್ತೇನೆ ಅಂಕಲ್’ ಅಂತ ಇಡಿ. ಬಾಯಲ್ಲಿ ಹೇಳಿದ ರೇಟ್ ಮೂರು ಕಿವಿ ದಾಟುವಾಗ ಬದಲಾಗುತ್ತದೆ. ನಾನು ಕಳಿಸುವ ಮೆಸೇಜ್ ಹೀಗಿರುತ್ತದೆ:

‘ಮೇ 4, ವಿರಾಜಪೇಟೆ, ಹಾಲ್ ಒಳಗೆ, 250 ಜನ. ಸಂಜೆ 5ರಿಂದ 10. ಎರಡು ಟಾಪ್, ಎರಡು ಬೇಸ್, ಲೈಟ್, ಎರಡು ಕಾರ್ಡ್‌ಲೆಸ್ ಮೈಕ್, ಡಿಜೆ ಮತ್ತು ಇಬ್ಬರು ಹುಡುಗರು ಸೇರಿ 13,500. ಗಾಡಿ ಎಕ್ಸ್‌ಟ್ರಾ 1,500. ಒಟ್ಟು 15,000. ಜನರೇಟರ್, ಪರ್ಮಿಷನ್, ಮೂವರ ಊಟ ನಿಮ್ಮದು. 4,500 ಅಡ್ವಾನ್ಸ್ ಬಂದ ಮೇಲೆ ಡೇಟ್ ಬ್ಲಾಕ್.’

ಇದಕ್ಕೆ ಉತ್ತರ ಬಂದೇ ಬರುತ್ತದೆ: ‘ಎಂತ ಮಾರಾಯ, ನಾಲ್ಕು ಹಾಡು ಹಾಕೋದಕ್ಕೆ ಅಷ್ಟೊಂದಾ?’ ಸಿಟ್ಟಾಗಬೇಡಿ, ಸಮರ್ಥನೆಗೂ ಇಳಿಯಬೇಡಿ. ರೇಟ್ ಇಳಿಸುವ ಬದಲು ಸಾಮಾನು ಇಳಿಸಿ. ‘12,500ರಲ್ಲಿ ಮುಗಿಸಬೇಕಾ ಅಂಕಲ್? ಆಗ ಒಂದು ಬೇಸ್, ಅರ್ಧ ಲೈಟು ಬಿಟ್ಟು ಓಮ್ನಿಯಲ್ಲಿ ಬರ್ತೇವೆ, ಹುಡುಗ ಒಬ್ಬನೇ.’ ಹತ್ತರಲ್ಲಿ ಏಳು ಜನ ಆಗ ಮೊದಲಿನದ್ದೇ ಇರಲಿ ಅನ್ನುತ್ತಾರೆ. ಏನನ್ನೂ ತೆಗೆಯದೆ ಸುಮ್ಮನೆ 2,500 ಬಿಟ್ಟರೆ, ಮೊದಲು ಹೇಳಿದ್ದು ಸುಳ್ಳು ರೇಟ್ ಅಂತ ನೀವೇ ಒಪ್ಪಿಕೊಂಡ ಹಾಗೆ.

ನೆಂಟರು, ಸ್ಕೂಲ್ ಗೆಳೆಯರು ಬೇರೆ ಕಥೆ. ಅವರಿಗೆ ನಾನು ನನ್ನ ಕೂಲಿಯನ್ನಷ್ಟೇ ಬಿಡುತ್ತೇನೆ. ಗಾಡಿ, ಹುಡುಗರು, ಸವಕಳಿ ಬಿಡುವುದಿಲ್ಲ, ಅವು ನನ್ನವಲ್ಲ. ಹಾಲ್ ಮ್ಯಾನೇಜರ್, ಫೋಟೋಗ್ರಾಫರ್, ಡೆಕೊರೇಷನ್‌ನವರು ಗಿರಾಕಿ ಕಳಿಸಿ ಕಮಿಷನ್ ಕೇಳಿದರೆ ಅದು ನಿಮ್ಮ 15ರ ಪಾಲಿನಿಂದ ಹೋಗುತ್ತದೆ ಅನ್ನುವುದು ನೆನಪಿರಲಿ. ನೂರಕ್ಕೆ 10 ಕೊಟ್ಟರೆ ಕೈಯಲ್ಲಿ ಉಳಿಯುವುದು ಬಹಳ ಸ್ವಲ್ಪ.

ದುಡ್ಡು ಕೈಗೆ ಬರುವುದು

ಅಡ್ವಾನ್ಸ್ ಇಲ್ಲದ ಬುಕಿಂಗ್ ಬುಕಿಂಗ್ ಅಲ್ಲ. ನೂರಕ್ಕೆ 30 ತೆಗೆದುಕೊಳ್ಳಿ. ಹದಿನೈದು ದಿನ ಮುಂಚೆ ಕ್ಯಾನ್ಸಲ್ ಆದರೆ ವಾಪಸ್, ಆಮೇಲೆ ಇಲ್ಲ. ಮನೆಯಲ್ಲಿ ಸಾವು ಸೂತಕ ಆದರೆ ಮಾತ್ರ ಈ ನಿಯಮ ಮರೆತುಬಿಡಿ, ಪೂರ್ತಿ ವಾಪಸ್ ಕೊಡಿ.

ಬಾಕಿ ಹಣ ಊಟ ಶುರುವಾಗುವ ಮುಂಚೆ ಕೇಳಿ. ಕೊನೆಯ ಹಾಡಿನವರೆಗೆ ಕಾದರೆ ದುಡ್ಡು ಇಟ್ಟುಕೊಂಡ ಚಿಕ್ಕಪ್ಪ ಮನೆಗೆ ಹೋಗಿರುತ್ತಾರೆ, ಇದ್ದವರು ಲೆಕ್ಕ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ‘ಕಾಫಿ ಮಾರಿದ ಮೇಲೆ ಕೊಡ್ತೇವೆ’ ಅನ್ನುವ ಮಾತಿಗೆ ನಾನು ಎರಡು ಸಲ ಒಪ್ಪಿದ್ದೇನೆ. ಒಬ್ಬರು ಮಾರ್ಚಿನಲ್ಲಿ ತಾವಾಗಿಯೇ ಮನೆಗೆ ತಂದುಕೊಟ್ಟರು. ಇನ್ನೊಬ್ಬರ ಕಾಫಿ ಇನ್ನೂ ಕಣದಲ್ಲೇ ಒಣಗುತ್ತಿದೆ.

ಜಿಎಸ್‌ಟಿ ವಿಷಯದಲ್ಲಿ, ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ, ನಮ್ಮಲ್ಲಿ ಹೆಚ್ಚಿನವರು ಅದರ ಹತ್ತಿರವೂ ಹೋಗುವುದಿಲ್ಲ. ಆದರೂ ಬಿಲ್ ಬುಕ್ ಇರಲಿ, ರೆಸಾರ್ಟಿನವರು ಬಿಲ್ ಇಲ್ಲದೆ ಕೊಡುವುದಿಲ್ಲ.

ನಾನು ಹೊಸ ರೇಟ್ ಬರೆಯುವುದು ಆಗಸ್ಟಿನಲ್ಲಿ. ಹೊರಗೆ ಮಳೆ, ಗೋಡೌನಿನಲ್ಲಿ ಬಲ್ಬ್ ಉರಿಸಿಟ್ಟು ಬೇಸ್ ಬಾಕ್ಸ್‌ಗಳನ್ನು ಒಣಗಿಸುವ ದಿನಗಳು. ಹೋದ ಸೀಸನ್ನಿನ ನೋಟ್‌ಬುಕ್ ತೆಗೆದು ಡೀಸೆಲ್, ಹುಡುಗರ ಕೂಲಿ, ಸುಟ್ಟುಹೋದ ಸ್ಪೀಕರ್ ಡ್ರೈವರ್‌ನ ಬಿಲ್ಲು ಎಲ್ಲ ಮತ್ತೆ ಕೂಡಿಸುತ್ತೇನೆ. 200 ಫಂಕ್ಷನ್ ಅಂತ ಹಿಡಿದಿದ್ದ ಸೆಟ್ಟಿನಲ್ಲಿ ಎಷ್ಟು ಮುಗಿಯಿತು ಅಂತ ಎಣಿಸುತ್ತೇನೆ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಹೊತ್ತಿಗೆ ಮುಂದಿನ ವರ್ಷದ ಮದುವೆಗಳ ಫೋನ್ ಶುರುವಾಗುತ್ತದೆ. ಅಷ್ಟರೊಳಗೆ ಹೊಸ ಅಂಕಿ ಗೋಡೆಯ ಮೇಲೆ ಅಂಟಿಸಿರುತ್ತೇನೆ, ಹುಡುಗರು ಫೋನ್ ಎತ್ತಿದರೂ ಅದನ್ನೇ ಓದಿ ಹೇಳುವ ಹಾಗೆ.